ಔದಾರ್ಯಕ್ಕೆ ಜನ ಸಿಗಲಿಲ್ಲ

‘ಕೆಲಸಗಾರನು ತನ್ನ ಒಡೆಯನಿಗೆ ಸದಾ ______ನಾಗಿರಬೇಕು.’

ಬಿಟ್ಟ ಸ್ಥಳ ತುಂಬಬೇಕು. ಕೆಳಗೆ ನಾಲ್ಕು ಪದ: ವಿಧೇಯ, ವಿಮುಖ, ವಿಕಲ, ವಿರಕ್ತ. ಒಂದಕ್ಕೆ ಗುರುತು ಹಾಕಬೇಕು. ಯಾವುದಕ್ಕೆ ಅಂತ ಯೋಚಿಸುವ ಕಷ್ಟವೂ ಇಲ್ಲ, ವಾಕ್ಯ ಬರೆದವನ ಆಸೆ ವಾಕ್ಯದಲ್ಲೇ ಕಾಣುತ್ತದೆ. ಅವನ ಮುಖ ನಾನು ನೋಡಿಲ್ಲ. ನೋಡಬೇಕೆಂಬ ಹಂಬಲವೂ ಇಲ್ಲ. ಯಾವತ್ತೂ ಬೆವರದ ಮುಖ ಇರಬೇಕು.

ನಮ್ಮದು ಆಸ್ಪತ್ರೆಯ ಲಾಂಡ್ರಿ. ಕಟ್ಟಡದ ನೆಲಮಾಳಿಗೆಯಲ್ಲಿದೆ. ಮೇಲಿನ ವಾರ್ಡುಗಳ ಹಾಸಿಗೆ ಬಟ್ಟೆ, ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ, ರೋಗಿಗಳ ಅಂಗಿ ಎಲ್ಲವೂ ಗೋಡೆಯೊಳಗಿನ ತಗಡಿನ ಕೊಳವೆಯಲ್ಲಿ ಜಾರಿ ಬಂದು ನಮ್ಮ ಮುಂದೆ ಬೀಳುತ್ತವೆ. ರಕ್ತ, ಕೀವು, ವಾಂತಿ, ಮಲ. ಮಡಿಕೆಯೊಳಗೆ ಒಮ್ಮೊಮ್ಮೆ ಸೂಜಿ. ಅದನ್ನೆಲ್ಲ ಕೈಯಿಂದಲೇ ವಿಂಗಡಿಸಬೇಕು. ಒಗೆಯುವ ಡ್ರಮ್ಮಿಗೆ ತುಂಬಬೇಕು. ನೀರು ಕುಡಿದ ಬಟ್ಟೆಯನ್ನು ಹೊರಗೆಳೆಯುವಾಗ ಸೊಂಟ ಕಿತ್ತು ಬರುತ್ತದೆ. ಹಿಂಡಿ, ಒಣಗಿಸಿ, ಆವಿಯ ರೋಲರಿನ ಬಾಯಿಗೆ ಕೊಟ್ಟು, ಆಚೆ ಕಡೆಯಿಂದ ಎಳೆದು, ಮಡಚಿ, ಮತ್ತೆ ಮೇಲಕ್ಕೆ ಕಳಿಸಬೇಕು. ಮೇಲಿನವರಿಗೆ ಬಿಳಿ ಬಟ್ಟೆ ಗೊತ್ತು. ಕೆಳಗೆ ಹೆಂಗಸರಿದ್ದಾರೆ ಅನ್ನುವುದು ಗೊತ್ತಿಲ್ಲ.

ನಾವೆಲ್ಲ ಗುತ್ತಿಗೆಯವರು. ಲಾಂಡ್ರಿಯನ್ನು ಹೊಸ ಕಂಪನಿಯೊಂದು ವಹಿಸಿಕೊಂಡಿತು. ಅದರ ಮ್ಯಾನೇಜರ್ ಒಂದು ದಿನ ಕೆಳಗಿಳಿದು ಬಂದ. ಮೆಟ್ಟಿಲ ಮೇಲೇ ನಿಂತ, ನೆಲ ಒದ್ದೆಯಾಗಿತ್ತಲ್ಲ. ಇನ್ನು ಮೇಲೆ ಗುತ್ತಿಗೆ ಇರುವುದಿಲ್ಲ, ಎಲ್ಲರನ್ನೂ ಖಾಯಂ ಮಾಡುತ್ತೇವೆ ಅಂದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಬಾಲ ಬಿಚ್ಚಿದ. ಭಾಷಾ ಸಾಮರ್ಥ್ಯದ ಪರೀಕ್ಷೆ ಪಾಸಾಗಬೇಕು. ಗುಮಾಸ್ತರಿಗೂ ನಮಗೂ ಒಂದೇ ಪ್ರಶ್ನೆಪತ್ರಿಕೆ. ಫೇಲಾದವರು ಗೇಟಿನ ಆಚೆ.

ಉದ್ದಕ್ಕ ಸುಮ್ಮನಿರುವವಳಲ್ಲ. ಡ್ರಮ್ಮಿನ ಕೆಲಸದವಳು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಅದಕ್ಕೇ ಆ ಹೆಸರು. “ರಕ್ತದ ಕಲೆ ತೆಗೆಯೋಕೆ ವ್ಯಾಕರಣ ಬೇಕಾ ಸಾರ್?” ಅಂದಳು.

“ಕಂಪನಿಗೆ ಒಂದು ಘನತೆ ಇದೆಯಮ್ಮ,” ಅಂದ ಅವನು. “ನಮ್ಮಲ್ಲಿ ಕೆಲಸ ಮಾಡೋರಿಗೆ ಒಂದು ಮಟ್ಟ ಅಂತ ಇರಬೇಕು.”

ಮಟ್ಟವಂತೆ. ನಮ್ಮಲ್ಲಿ ಹೆಚ್ಚಿನವರು ಈ ನೆಲಮಾಳಿಗೆಯಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಕತ್ತು ಹಿಡಿದು ನೂಕಿದರೆ ಗಲಾಟೆಯಾಗುತ್ತದೆ. ಪರೀಕ್ಷೆ ಇಟ್ಟು ಫೇಲ್ ಮಾಡಿದರೆ ಇವರು ತಾವೇ ನಾಚಿಕೊಂಡು ಹೋಗುತ್ತಾರೆ. ಅದು ಅವರ ಲೆಕ್ಕ. ಇಂಥ ಬುದ್ಧಿ ಓಡಿಸುವುದಕ್ಕೆ ಅವನಿಗೆ ಸಂಬಳ ಕೊಡುತ್ತಾರೆ.

ನನಗೆ ನನ್ನ ಚಿಂತೆಗಿಂತ ಚಿಕ್ಕಮ್ಮನ ಚಿಂತೆ ದೊಡ್ಡದಾಯಿತು. ಅವಳು ನನ್ನ ತಾಯಿಯ ತಂಗಿ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು, ಈ ಕೆಲಸಕ್ಕೆ ಕೈಹಿಡಿದು ಕರೆತಂದವಳು. ವಿಂಗಡಿಸುವ ಕಟ್ಟೆಯ ಮುಂದೆ ಅವಳು ನಿಂತಷ್ಟು ವರ್ಷ ಬೇರೆ ಯಾರೂ ನಿಂತಿಲ್ಲ. ಖಾಯಂ ಆದರೆ ಮುದಿತನಕ್ಕೆ ಪಿಂಚಣಿ ಬರುತ್ತದೆ. ಆಗದಿದ್ದರೆ ನನ್ನ ತಟ್ಟೆಯಲ್ಲಿ ಅರ್ಧ. ಅವಳು ಅದಕ್ಕೆ ಒಪ್ಪುವ ಹೆಂಗಸಲ್ಲ, ಹಸಿದುಕೊಂಡೇ ಇರುತ್ತಾಳೆ.

ಇನ್ನೊಂದು ವಿಷಯ ಇತ್ತು. ಚಿಕ್ಕಮ್ಮನಿಗೆ ಕಿವಿ ಕೇಳುವುದಿಲ್ಲ. ಡ್ರಮ್ಮುಗಳ ಅಬ್ಬರ ಅವಳ ಕಿವಿಯನ್ನು ಸ್ವಲ್ಪ ಸ್ವಲ್ಪವಾಗಿ ತಿಂದು ಮುಗಿಸಿದೆ. ಕಿವಿ ಕೇಳದವರು ಮಷೀನ್ ಹತ್ತಿರ ಕೆಲಸಕ್ಕೆ ಅನರ್ಹರು ಅಂತ ಗೋಡೆಯ ಮೇಲೆ ನಿಯಮ ಬರೆದಿದೆ. ಮೊದಲು ಕಿವಿ ತಿನ್ನುವುದು, ಆಮೇಲೆ ಕಿವಿ ಇಲ್ಲ ಅಂತ ಓಡಿಸುವುದು. ಹಾಗಾಗಿ ನಾವು ಯಾರೂ ಬಾಯಿಬಿಟ್ಟಿರಲಿಲ್ಲ. ಹೊರಗಿನವರಿಗೆ ಗೊತ್ತಾಗುವ ಸಂಭವವೂ ಕಡಿಮೆ ಇತ್ತು. ಯಾಕೆಂದರೆ ಆ ನೆಲಮಾಳಿಗೆಯಲ್ಲಿ ಯಾರಿಗೂ ಏನೂ ಕೇಳುವುದಿಲ್ಲ.

ನಾವು ತುಟಿಯಲ್ಲೇ ಮಾತಾಡುತ್ತೇವೆ. ಗಂಟಲಿನಿಂದ ಒಂದಿಷ್ಟೂ ಸದ್ದು ಹೊರಡಿಸುವುದಿಲ್ಲ. ಹೊಸದಾಗಿ ಸೇರಿದವಳು ಶುರುವಿನಲ್ಲಿ ಕಿರುಚುತ್ತಾಳೆ. ಕಿರುಚಿ ಕಿರುಚಿ ಗಂಟಲು ಕಟ್ಟಿದ ಮೇಲೆ ದಾರಿಗೆ ಬರುತ್ತಾಳೆ. ರೋಲರಿನ ಈ ತುದಿಯಲ್ಲಿ ನಾನು ತುಟಿ ಆಡಿಸಿದರೆ ಆ ತುದಿಯ ಕಟ್ಟೆಯಲ್ಲಿ ಚಿಕ್ಕಮ್ಮನಿಗೆ ತಿಳಿಯುತ್ತದೆ. ಯಾರ ಮಗಳಿಗೆ ಗಂಡು ನೋಡಿದರು, ಯಾರ ಗಂಡ ಮತ್ತೆ ಕುಡಿಯಲು ಶುರುಮಾಡಿದ, ಯಾವ ಮೇಸ್ತ್ರಿ ಯಾವ ಹೆಂಗಸಿನ ಬೆನ್ನು ಮುಟ್ಟಿದ, ಎಲ್ಲ ಸುದ್ದಿಯೂ ಸದ್ದಿಲ್ಲದೆ ಆ ರೂಮು ಸುತ್ತುತ್ತದೆ. ಅಭ್ಯಾಸ ಎಷ್ಟು ಗಟ್ಟಿ ಅಂದರೆ ಮನೆಗೆ ಹೋದ ಮೇಲೂ ತುಟಿ ನಿಲ್ಲುವುದಿಲ್ಲ. ಯೋಚನೆ ಮಾಡಿದರೂ ಆಡುತ್ತದೆ, ಏನಾದರೂ ಓದಿದರೂ ಆಡುತ್ತದೆ.

ಕಂಪನಿ ಒಬ್ಬ ಮೇಷ್ಟ್ರನ್ನು ಕಳಿಸಿತು. ಪಾಳಿ ಮುಗಿದ ಮೇಲೆ ಮೂರನೇ ಮಹಡಿಯ ರೂಮಿನಲ್ಲಿ ಪಾಠ. ದಿನವೆಲ್ಲ ನಿಂತು ಕಾಲು ಊದಿರುತ್ತಿತ್ತು. ಲಿಫ್ಟಿನಲ್ಲಿ ನಮ್ಮನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ, ವಾಸನೆ ಬರುತ್ತದಂತೆ. ರೋಗಿಗಳ ವಾಸನೆ ತೆಗೆದು ತೆಗೆದು ನಮಗೆ ಅಂಟಿದ ವಾಸನೆ. ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ, ಮಕ್ಕಳು ಕೂರುವಂಥ ಬೆಂಚುಗಳಲ್ಲಿ ಕೂರುತ್ತಿದ್ದೆವು. ಮೇಷ್ಟ್ರು ನಾವು ಒಳಗೆ ಬಂದ ಕೂಡಲೇ ಎದ್ದು ಹೋಗಿ ಎಲ್ಲ ಕಿಟಕಿ ತೆರೆಯುತ್ತಿದ್ದ. ಕರವಸ್ತ್ರ ಮೂಗಿಗೆ. ಬಾಯಿ ತೆರೆದರೆ ಬಿಟ್ಟ ಸ್ಥಳ, ಬಿಟ್ಟ ಸ್ಥಳ. ನಾವು ಅವನಿಗೆ ಬಿಟ್ಟಸ್ಥಳ ಅಂತಲೇ ಹೆಸರಿಟ್ಟೆವು.

“ಪದಸಂಪತ್ತು,” ಅನ್ನುತ್ತಿದ್ದ ಬಿಟ್ಟಸ್ಥಳ, “ಪದಸಂಪತ್ತು ಇದ್ದವನಿಗೆ ಜಗತ್ತಲ್ಲಿ ಬಡತನ ಇಲ್ಲ.”

ಅವನ ಚಪ್ಪಲಿಯ ಹಿಮ್ಮಡಿ ಸವೆದು ಹೋಗಿತ್ತು. ಅಷ್ಟು ಸಂಪತ್ತಿನಲ್ಲಿ ಒಂದು ಜೊತೆ ಚಪ್ಪಲಿ ಬಂದಿರಲಿಲ್ಲ. ಆದರೂ ನಮ್ಮನ್ನು ನೋಡಿ ಮೂಗು ಮುರಿಯುವುದಕ್ಕೆ ಅವನಿಗೇನೂ ಕೊರತೆ ಇರಲಿಲ್ಲ.

ಅವನು ಬೋರ್ಡಿಗೆ ಮುಖ ಮಾಡಿ ಪಾಠ ಹೇಳುತ್ತಿದ್ದ. ನಮ್ಮ ಕಡೆ ತಿರುಗುತ್ತಲೇ ಇರಲಿಲ್ಲ. ಚಿಕ್ಕಮ್ಮನಿಗೆ ಕಂಡದ್ದು ಅವನ ಬೆನ್ನು ಮಾತ್ರ. ಅವಳು ಕೈಕಟ್ಟಿಕೊಂಡು ಆ ಬೆನ್ನನ್ನೇ ನೋಡುತ್ತಾ ಕೂತಿರುತ್ತಿದ್ದಳು. ಒಂದು ದಿನ ಅವಳನ್ನೇ ಏನೋ ಪ್ರಶ್ನೆ ಕೇಳಿದ. ಉತ್ತರವಿಲ್ಲ. ಕರವಸ್ತ್ರ ಬಾಯಿಗೆ ಅಡ್ಡ ಹಿಡಿದೇ ತಿರುಗಿ ನೋಡಿದ.

“ಏನಮ್ಮಾ ಅಜ್ಜಿ, ಕಣ್ಣು ಬಿಟ್ಕೊಂಡೇ ನಿದ್ದೆನಾ? ಇಂಥ ತಲೆಗಳಿಗೆ ನಾನು ಏನು ತುಂಬಲಿ?”

“ದಿನವೆಲ್ಲ ನಿಂತಿದ್ದಾರೆ ಸಾರ್,” ಅಂದಳು ಉದ್ದಕ್ಕ. “ನಿಮ್ಮ ಪಾಠ ಕೇಳಿದ್ರೆ ನಿಂತೋರಿಗೂ ನಿದ್ದೆ ಬರುತ್ತೆ.”

ಎಲ್ಲರೂ ನಕ್ಕರು. ಯಾಕೆ ನಗುತ್ತಿದ್ದಾರೆಂದು ಚಿಕ್ಕಮ್ಮ ನನ್ನ ಮುಖ ನೋಡಿದಳು.

ಅವತ್ತಿನಿಂದ ಪಾಠ ಕೆಳಗೆ ಶುರುವಾಯಿತು. ಮೇಲೆ ನಾನು ಕೇಳಿಕೊಂಡು ಬಂದ ಪದಗಳನ್ನು ಮಾರನೆಯ ದಿನ ರೋಲರಿನ ಮುಂದೆ ನಿಂತು ಚಿಕ್ಕಮ್ಮನಿಗೆ ತುಟಿಯಲ್ಲಿ ಹೇಳಿದೆ. ಅವಳಿಗೆ ಹೇಳಿದರೆ ಎಲ್ಲರಿಗೂ ಹೇಳಿದಂತೆ. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ.

ಪುಸ್ತಕದ ಅರ್ಥ ಹೇಳಿದರೆ ಯಾರ ತಲೆಗೂ ಹತ್ತಲಿಲ್ಲ. ಅರ್ಥವೂ ಆ ಪದದ ಅಣ್ಣತಮ್ಮನೇ ಆಗಿರುತ್ತಿತ್ತು. ‘ಡಾಂಭಿಕ ಎಂದರೆ ಆಡಂಬರಪ್ರಿಯ.’ ಆಡಂಬರಪ್ರಿಯ ಅಂದರೇನು ಅಂತ ಇನ್ನೊಬ್ಬನನ್ನು ಕೇಳಬೇಕು. ಆಗ ಚಿಕ್ಕಮ್ಮ ಕಟ್ಟೆಯಿಂದಲೇ ಕೇಳಿದಳು.

“ಡಾಂಭಿಕ ಅಂದ್ರೆ ಯಾರೇ?”

ಏನು ಅಂತ ಕೇಳಲಿಲ್ಲ, ಯಾರು ಅಂತ ಕೇಳಿದಳು. ನಾನು ರೋಲರಿನ ಮುಂದಿನಿಂದಲೇ ತುಟಿ ಆಡಿಸಿದೆ.

“ಚರ್ಮದ ಡಾಕ್ಟರು. ಕೋಟಿನ ಮೇಲೆ ಕೋಟು.”

“ಹಾಗೆ ಹೇಳು ಮತ್ತೆ!”

ಅಲ್ಲಿಂದ ಒಂದೊಂದು ಪದಕ್ಕೂ ಒಬ್ಬೊಬ್ಬರನ್ನು ಹಿಡಿದು ಕಟ್ಟಿದೆವು. ಆಲಸ್ಯ ಯಾರು? ಮೇಸ್ತ್ರಿ. ಕುರ್ಚಿಗೂ ಅವನಿಗೂ ಮದುವೆಯಾಗಿದೆ. ನಿರ್ಲಕ್ಷ್ಯ ಯಾರು? ಬಟ್ಟೆಯೊಳಗೆ ಸೂಜಿ ಬಿಟ್ಟು ಕೊಳವೆಗೆ ಎಸೆಯುವ ನರ್ಸು. ಚಾಣಾಕ್ಷ ಯಾರು? ಕ್ಯಾಂಟೀನಿನವನು, ನಿನ್ನೆಯ ಸಾರಿಗೆ ಇವತ್ತಿನ ಬಿಸಿ. ಸಹನೆ ಯಾರು? ಉದ್ದಕ್ಕನ ಸೊಸೆ. ಅದಕ್ಕೆ ಉದ್ದಕ್ಕ ಮುಖ ಊದಿಸಿಕೊಂಡಳು, ಆದರೆ ಪದ ಮರೆಯಲಿಲ್ಲ. ಕ್ರೌರ್ಯ ಯಾರು ಅಂತ ಕೇಳಿದಾಗ ರೂಮಿನ ತುಟಿಗಳೆಲ್ಲ ಒಟ್ಟಿಗೆ ಆಡಿದವು. ಮ್ಯಾನೇಜರ್. ಬಸುರಿ ಹೆಂಗಸೊಬ್ಬಳು ಕೂರಲು ಸ್ಟೂಲು ಕೇಳಿದಾಗ, ಕೂರಬೇಕಾದರೆ ಮನೆ ಇದೆಯಲ್ಲ ಅಂದವನು ಅವನು. ಆ ಮಗು ನಿಲ್ಲಲಿಲ್ಲ.

ಔದಾರ್ಯ ಅನ್ನುವ ಪದ ಬಂತು. ಯಾರು? ನಾವು ಹುಡುಕಿದೆವು. ಮೇಲಿನ ಮಹಡಿಗಳೆಲ್ಲ ಹುಡುಕಿದೆವು, ಆಫೀಸು ಹುಡುಕಿದೆವು. ಗೇಟಿನ ಕಾವಲುಗಾರ ಒಂದು ದಿನ ಕೊಡೆ ಕೊಟ್ಟಿದ್ದ ಅಂದಳು ಒಬ್ಬಳು. ಅದನ್ನು ವಾಪಸ್ ಕೇಳಿ ಕೇಳಿ ಅವಳ ಪ್ರಾಣ ತಿಂದಿದ್ದ ಅಂತ ಇನ್ನೊಬ್ಬಳು ನೆನಪಿಸಿದಳು. ಜನ ಸಿಗಲಿಲ್ಲ. ಆ ಪದ ಬಿಟ್ಟು ಮುಂದಕ್ಕೆ ಹೋದೆವು.

ಚಿಕ್ಕಮ್ಮ ಬಲು ಬೇಗ ಕಲಿತಳು. ಕೈ ಕೀವಿನ ಬಟ್ಟೆ ಕೊಡವುತ್ತಿರುತ್ತಿತ್ತು, ತುಟಿ ಪಾಠ ಒಪ್ಪಿಸುತ್ತಿರುತ್ತಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಪಕ್ಕ ಕೂತು, “ಈ ತಿರಸ್ಕಾರ ಅನ್ನೋದಕ್ಕೆ ಯಾರನ್ನೂ ಇಟ್ಟಿಲ್ಲವಲ್ಲೇ,” ಅಂದಳು.

“ಯಾರನ್ನ ಇಡೋಣ ಚಿಕ್ಕಮ್ಮ?”

“ಎಲ್ಲರನ್ನೂ ಇಡು. ಇಷ್ಟು ವರ್ಷ ದಿನಾ ನುಂಗಿದೀನಿ, ಹೆಸರು ಗೊತ್ತಿರಲಿಲ್ಲ ನೋಡು.” ಹಾಗಂದು ರೊಟ್ಟಿ ಮುರಿದಳು. ಅವಳ ಮುಖದಲ್ಲಿ ದುಃಖ ಇರಲಿಲ್ಲ. ಕಳೆದ ಸಾಮಾನು ಎಲ್ಲಿದೆ ಅಂತ ಗೊತ್ತಾದವಳ ಹಾಗಿದ್ದಳು.

ಪರೀಕ್ಷೆಯ ದಿನ ಮೂರನೇ ಮಹಡಿಯಲ್ಲಿ ಮ್ಯಾನೇಜರ್ ತಾನೇ ಬಂದು ನಿಂತ. ಬಿಟ್ಟಸ್ಥಳ ಬೆಂಚುಗಳ ನಡುವೆ ಅಡ್ಡಾಡಿದ. ಬೆಂಚುಗಳನ್ನು ವೃತ್ತಾಕಾರವಾಗಿ ತಿರುಗಿಸಿ ಇಟ್ಟಿದ್ದರು, ನಾವು ಅವುಗಳಲ್ಲಿ ಕೂತಿದ್ದೆವು. ಎಲ್ಲರ ಮೇಲೂ ಒಟ್ಟಿಗೆ ಕಣ್ಣಿಡಬಹುದೆಂದು ಆ ಏರ್ಪಾಡು ಮಾಡಿದವನು ಬಿಟ್ಟಸ್ಥಳನೇ. ನಮಗೂ ಎಲ್ಲರ ಮುಖ ಚೆನ್ನಾಗಿ ಕಾಣುತ್ತಿತ್ತು.

ನಾನು ಮೊದಲೇ ಹೇಳಿದೆ, ತುಟಿ ಆಡಿಸದೆ ಓದುವುದು ನಮಗೆ ಬರುವುದಿಲ್ಲ. ಪ್ರಶ್ನೆ ಓದುವಾಗ ತುಟಿ ಆಡಿತು. ಉತ್ತರ ಹುಡುಕುವಾಗ ಆಡಿತು. ತಲೆ ಎತ್ತಿದವಳಿಗೆ ಎದುರಿನವಳ ಬಾಯಿ ಕಂಡಿತು. ಕಂಡದ್ದನ್ನು ಓದದೇ ಇರುವುದು ಹೇಗೆ? ಕೇಳಿಸಿದ್ದನ್ನು ಕೇಳದೇ ಇರಿ ಅಂದ ಹಾಗೆ. ನಾವು ಕಾಪಿ ಹೊಡೆಯಬೇಕೆಂದು ಕೂತಿರಲಿಲ್ಲ. ಒಬ್ಬಳಿಗೆ ಪದ ಸಿಕ್ಕಿದರೆ ಅದು ಹಾಗೇ ರೂಮಿಗೆಲ್ಲ ಸಿಕ್ಕಿತು. ಮ್ಯಾನೇಜರ್ ನಿಶ್ಶಬ್ದ ಕಂಡು ಸಂತೋಷದಿಂದ ತಲೆದೂಗುತ್ತಿದ್ದ.

ಆ ಪತ್ರಿಕೆಯಲ್ಲಿ ಈ ವಾಕ್ಯ ಇತ್ತು: ‘ಮಾಲೀಕನ ______ ಕಂಡು ಕೆಲಸಗಾರರು ತಲೆಬಾಗಿದರು.’ ಔದಾರ್ಯ, ಆಲಸ್ಯ, ಕ್ರೌರ್ಯ, ಅಜ್ಞಾನ. ನಮಗೆ ಸುಲಭವಾಗಿತ್ತು. ಔದಾರ್ಯಕ್ಕೆ ಜನ ಇರಲಿಲ್ಲ. ಮೇಸ್ತ್ರಿಯನ್ನು ಕಂಡು ಯಾರೂ ತಲೆಬಾಗುವುದಿಲ್ಲ. ತಲೆ ಬಾಗಿಸಿದವನು ಒಬ್ಬನೇ, ಅವನ ಪದ ಅಲ್ಲಿ ಇತ್ತು. ಎಲ್ಲರೂ ಕ್ರೌರ್ಯಕ್ಕೆ ಗುರುತು ಹಾಕಿದೆವು.

ಫಲಿತಾಂಶ ಬಂದ ದಿನ ಮ್ಯಾನೇಜರ್ ಮೆಟ್ಟಿಲಿನ ಮೇಲಲ್ಲ, ಒದ್ದೆ ನೆಲದ ಮೇಲೇ ಬಂದು ನಿಂತ. ಅಷ್ಟು ಸಿಟ್ಟು ಬಂದಿತ್ತು. ಮಷೀನ್ ನಿಲ್ಲಿಸಿ ಅಂತ ಕೈ ಮಾಡಿದ. ನಾವು ಎಲ್ಲರೂ ಪಾಸಾಗಿದ್ದೆವು. ಗುಮಾಸ್ತರಿಗಿಂತ ಹೆಚ್ಚು ಅಂಕ. ಎಲ್ಲರ ಸರಿ ಉತ್ತರವೂ ಒಂದೇ, ಎಲ್ಲರ ತಪ್ಪು ಉತ್ತರವೂ ಒಂದೇ.

“ಮಾಲೀಕನ ಕ್ರೌರ್ಯ ಅಂತೆ!” ಅವನ ಧ್ವನಿ ಒಡೆಯಿತು. “ಅನ್ನ ಕೊಡೋ ಕಂಪನಿಗೆ ಕ್ರೌರ್ಯ ಅಂತೀರಾ? ಒಬ್ಬಳಲ್ಲ, ಎಲ್ಲರೂ! ಯಾರು ಹೇಳಿಕೊಟ್ಟಿದ್ದು?”

“ನೀವೇ ಅಲ್ಲಿ ನಿಂತಿದ್ರಲ್ಲ ಸಾರ್,” ಅಂದೆ ನಾನು. “ಯಾರಾದ್ರೂ ಮಾತಾಡಿದ್ದು ಕೇಳಿಸ್ತಾ?”

ಆಗ ಮ್ಯಾನೇಜರನ ಹಿಂದಿನಿಂದ ಬಿಟ್ಟಸ್ಥಳ ಮುಂದೆ ಬಂದ. ಸವೆದ ಚಪ್ಪಲಿಯವನು. ಮಾಲೀಕರ ಪರವಾಗಿ ಏನಾದರೂ ಕಂಡುಹಿಡಿದರೆ ತನಗೂ ಒಂದು ಜೊತೆ ಹೊಸದು ಬರಬಹುದು ಅಂದುಕೊಂಡಿರಬೇಕು.

“ತುಟಿ ಸಾರ್,” ಅಂದ. “ಇವರೆಲ್ಲರ ತುಟಿ ಅಲ್ಲಾಡ್ತಾ ಇತ್ತು.”

ಮತ್ತೆ ಪರೀಕ್ಷೆ ಅಂತ ಹೇಳಿದರು. ಈ ಸಲ ಬೆಂಚುಗಳೆಲ್ಲ ಒಂದೇ ದಿಕ್ಕಿಗೆ, ದೂರ ದೂರ. ಚಿಕ್ಕಮ್ಮ ಮೊದಲನೇ ಸಾಲು, ನಾನು ಕೊನೆಯ ಸಾಲು. ಬಾಗಿಲಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇಟ್ಟಿದ್ದರು. ಬಿಟ್ಟಸ್ಥಳ ಅದರಿಂದ ಒಂದೊಂದೇ ತೆಗೆದು ಎಲ್ಲರ ಕೈಗೂ ಕೊಟ್ಟ. ಮಾಸ್ಕ್. ಬಿಳಿ, ಹೊಸ, ಮೂರು ಪದರದ ಮಾಸ್ಕ್.

ವಿಂಗಡಿಸುವ ಕಟ್ಟೆಗೆ ಮಾಸ್ಕ್ ಕೊಡಿ ಅಂತ ಎಷ್ಟು ಸಲ ಕೇಳಿದ್ದೆವು. ಕ್ಷಯದ ವಾರ್ಡಿನ ಬಟ್ಟೆ ಕೊಡವುವಾಗ ಧೂಳು ಮೂಗಿಗೆ ಏರುತ್ತದೆ, ಎರಡು ಮಾಸ್ಕ್ ಆದರೂ ಕೊಡಿ, ಸರದಿಯಲ್ಲಿ ಹಾಕಿಕೊಳ್ಳುತ್ತೇವೆ ಅಂದಿದ್ದೆವು. ಸ್ಟಾಕ್ ಇಲ್ಲ. ಪ್ರತಿ ಸಲವೂ ಸ್ಟಾಕ್ ಇಲ್ಲ. ಚಿಕ್ಕಮ್ಮನ ಪಕ್ಕ ನಿಲ್ಲುತ್ತಿದ್ದವಳೊಬ್ಬಳು ಹಳೆ ಸೀರೆಯ ತುಂಡು ಮೂಗಿಗೆ ಕಟ್ಟಿಕೊಂಡೇ ಕೆಲಸ ಮಾಡಿದಳು, ಕೆಮ್ಮಿಕೊಂಡೇ ಸತ್ತಳು. ನಮ್ಮ ಉಸಿರಿಗೆ ಇಲ್ಲದ ಮಾಸ್ಕ್ ನಮ್ಮ ಬಾಯಿ ಮುಚ್ಚಿಸುವುದಕ್ಕೆ ಪೆಟ್ಟಿಗೆಗಟ್ಟಲೆ ಇತ್ತು.

ಮ್ಯಾನೇಜರ್ ತಾನೂ ಒಂದು ಕಟ್ಟಿಕೊಂಡ. ನಮ್ಮ ವಾಸನೆಗೆ.

ನಾವು ಕಟ್ಟಿಕೊಂಡೆವು. ಸುಳ್ಳು ಹೇಳಲಾರೆ, ಕಟ್ಟಿಕೊಂಡೆವು. ಕೆಲಸ ಬೇಕಿತ್ತು. ಅವನು ಒಬ್ಬೊಬ್ಬರ ಹೆಸರು ಕೂಗಿದ, ಎದ್ದು ಬಂದು ಪತ್ರಿಕೆ ತೆಗೆದುಕೊಂಡು ಹೋಗಬೇಕಿತ್ತು. ಉದ್ದಕ್ಕ ಹೋದಳು. ಇನ್ನಿಬ್ಬರು ಹೋದರು. ಆಮೇಲೆ ಚಿಕ್ಕಮ್ಮನ ಹೆಸರು ಕೂಗಿದ.

ಅವಳು ಕದಲಲಿಲ್ಲ. ಮ್ಯಾನೇಜರನ ಮುಖದಲ್ಲಿ ಕಣ್ಣುಗಳು ಮಾತ್ರ ಇದ್ದವು, ಅವಳಿಗೆ ಓದಲು ಏನೂ ಇರಲಿಲ್ಲ. ಎರಡನೇ ಸಲ ಕೂಗಿದ. ನಾನು ಮಾಸ್ಕ್ ಕೆಳಗೆಳೆದು, ‘ನಿನ್ನನ್ನೇ’ ಅಂದೆ. ಅವಳ ಬೆನ್ನಿಗೆ ಅಂದೆ. ಪಕ್ಕದವರು ಕಣ್ಣಲ್ಲೇ ಸನ್ನೆ ಮಾಡಿದರು, ಅವಳು ನೇರ ನೋಡುತ್ತಾ ಕೂತಿದ್ದಳು. ಅವನು ಸುತ್ತಿ ಬಂದು ಅವಳ ಹಿಂದೆ ನಿಂತ. ಕಿವಿಯ ಹತ್ತಿರ ಕೈ ತಂದು ಚಟಾರನೆ ಚಪ್ಪಾಳೆ ಹೊಡೆದ. ಚಿಕ್ಕಮ್ಮ ಪೆನ್ನಿನ ಮುಚ್ಚಳ ತಿರುಗಿಸುತ್ತಾ ಇದ್ದಳು.

“ಕಿವುಡಿ!” ಅಂದ ಮ್ಯಾನೇಜರ್. ಲಾಟರಿ ಹೊಡೆದವನ ಹಾಗೆ ಅಂದ. ಬಿಟ್ಟಸ್ಥಳ ನಕ್ಕ.

ನಮ್ಮ ಮುಖ ನೋಡಿ ಏನೋ ಆಗಿದೆ ಅಂತ ತಿಳಿದು ಅವಳು ಹಿಂದಕ್ಕೆ ತಿರುಗಿದಳು. ಎದ್ದು ನಿಂತಳು. ಅವನು ಮಾತಾಡುತ್ತಲೇ ಇದ್ದ. ಮಾಸ್ಕಿನ ಬಟ್ಟೆ ಉಬ್ಬುತ್ತಿತ್ತು, ಒಳಗೆ ಹೋಗುತ್ತಿತ್ತು. ಅವಳು ಸ್ವಲ್ಪ ಹೊತ್ತು ಆ ಬಟ್ಟೆಯನ್ನೇ ನೋಡಿದಳು. ಆಮೇಲೆ ಕೈ ಚಾಚಿದಳು. ಬಿಸಿನೀರಿಗೆ ಬೆಂದು, ಸೋಡಾಕ್ಕೆ ಸಿಪ್ಪೆಯೆದ್ದ ಕೈ. ಅದರಿಂದ ಅವನ ಮಾಸ್ಕ್ ಹಿಡಿದು ಗಲ್ಲದ ಕೆಳಗೆ ಎಳೆದಳು.

“ಬಾಯಿ ತೋರಿಸಿ ಮಾತಾಡು,” ಅಂದಳು.

ಅವಳ ಗಂಟಲಿನ ಮಾತು ನಾವು ಕೇಳಿ ಎಷ್ಟೋ ಕಾಲವಾಗಿತ್ತು. ಒರಟಾಗಿತ್ತು, ಬೇಕಾದ್ದಕ್ಕಿಂತ ಜೋರಾಗಿತ್ತು, ಕೊನೆಯಲ್ಲಿ ಎಲ್ಲಿಗೋ ಏರಿತು. ಮ್ಯಾನೇಜರ್ ಬಿಳಿಚಿಕೊಂಡ. ಅವನನ್ನು ಯಾರೂ ಹಾಗೆ ಮುಟ್ಟಿರಲಿಲ್ಲ, ಅವನಿಗೆ ಯಾರೂ ಏಕವಚನ ಹಾಕಿರಲಿಲ್ಲ.

“ಕಿವಿ ಕೇಳಲ್ಲ ಅಂತ ಮುಚ್ಚಿಟ್ಟು ಕಂಪನಿಗೆ ಮೋಸ ಮಾಡಿದೀಯ,” ಅಂದ. “ನಿನಗೆ ಪರೀಕ್ಷೆಯೂ ಇಲ್ಲ, ಕೆಲಸವೂ ಇಲ್ಲ. ನಡಿ ಆಚೆ!”

ಈಗ ಅವಳಿಗೆ ಒಂದಕ್ಷರವೂ ತಪ್ಪಲಿಲ್ಲ.

“ನನ್ನ ಕಿವಿ ನಿನ್ನ ಮಷೀನಿನ ಹತ್ರ ಇದೆ,” ಅಂದಳು ಚಿಕ್ಕಮ್ಮ. “ಮೊದಲು ಅದನ್ನ ವಾಪಸ್ ಕೊಡು. ಆಮೇಲೆ ಹೋಗ್ತೀನಿ.”

ಪೆನ್ನನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ನಡೆದಳು. ನಾನು ಎದ್ದೆ. ನನ್ನ ಮುಂದಿನವಳು ಎದ್ದಳು. ಬೆಂಚುಗಳು ಕಿರುಗುಟ್ಟಿದವು. ಮ್ಯಾನೇಜರ್, “ಎದ್ದವರೆಲ್ಲ ಫೇಲ್! ಎಲ್ಲರೂ ಫೇಲ್!” ಅಂತ ಕೂಗುತ್ತಿದ್ದ. ಉದ್ದಕ್ಕ ಹೋಗುತ್ತಾ ಮಾಸ್ಕಿನ ಪೆಟ್ಟಿಗೆಯನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

“ಏಯ್, ಅದು ಕಂಪನಿದು!” ಅಂದ ಬಿಟ್ಟಸ್ಥಳ.

“ಹಾಗಾದ್ರೆ ಬಂದು ಕಿತ್ಕೋ,” ಅಂದಳು. ಅವನು ಅವಳ ಎತ್ತರ ನೋಡಿ ಕಿಟಕಿಯ ಕಡೆ ಸರಿದ.

ಆ ದಿನ ನಾವು ಲಿಫ್ಟಿನಲ್ಲಿ ಇಳಿದೆವು. ಒಳಗಿದ್ದ ಕೋಟಿನವರು ಗೋಡೆಗೆ ಅಂಟಿಕೊಂಡು ನಿಂತರು.

ಕೆಳಗೆ ಹೋಗಿ ನಾನು ಆವಿಯ ತಿರುಪು ಮುಚ್ಚಿದೆ. ಉದ್ದಕ್ಕ ಡ್ರಮ್ಮುಗಳ ಸ್ವಿಚ್ಚು ಇಳಿಸಿದಳು. ಮಡಚಿಟ್ಟ ಬಟ್ಟೆ ಇತ್ತು. ಚಿಕ್ಕಮ್ಮ ಮಕ್ಕಳ ವಾರ್ಡಿನ ಟ್ರಾಲಿ ತುಂಬಿ ಮೇಲೆ ಕಳಿಸಿದಳು, ಆಮೇಲೆ ಸುಟ್ಟಗಾಯದವರದ್ದು. “ಅವರೇನು ಮಾಡಿದ್ರು ಪಾಪ,” ಅಂದಳು. ಅದಾದ ಮೇಲೆ ಯಾರೂ ಒಂದು ಎಳೆಯನ್ನೂ ಮುಟ್ಟಲಿಲ್ಲ. ಒಂದೊಂದು ಹೊಸ ಮಾಸ್ಕ್ ಮೂಗಿಗೆ ಕಟ್ಟಿಕೊಂಡು, ಕೊಳವೆಯ ಎದುರಿಗೆ ಕಾಲು ಚಾಚಿ ಕೂತೆವು.

ಬಟ್ಟೆ ಬೀಳುತ್ತಲೇ ಇತ್ತು. ರಾಶಿ ಕಟ್ಟೆ ಮುಚ್ಚಿತು, ಕೊಳವೆಯ ಬಾಯಿ ಮುಚ್ಚಿತು. ಮೇಲಿನವರು ಎಸೆಯುವುದನ್ನು ನಿಲ್ಲಿಸಲಿಲ್ಲ, ಎಸೆದದ್ದು ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿ ಅವರಿಗೆ ಅಭ್ಯಾಸವಿಲ್ಲ. ಕೊಳವೆ ತುಂಬುತ್ತಾ ಮೇಲೇರಿತು. ಮರುದಿನ ಬೆಳಗಿನ ಹೊತ್ತಿಗೆ ಮೊದಲ ಮಹಡಿಯ ತಗಡಿನ ಬಾಗಿಲಿನಿಂದ ರಕ್ತದ ಬಟ್ಟೆ ಹೊರಗೆ ಬಂದು, ಹೊಳೆಯುವ ನೆಲದ ಮೇಲೆ, ಹೂಕುಂಡದ ಪಕ್ಕ ಬಿತ್ತಂತೆ. ಥಿಯೇಟರಿನಲ್ಲಿ ಹಸಿರು ಬಟ್ಟೆ ಮುಗಿಯಿತು. ಮೇಲಿನವರಿಗೆ ಮೊದಲ ಸಲ ತಮ್ಮ ವಾಸನೆ ತಮಗೇ ಬಡಿಯಿತು.

ಮ್ಯಾನೇಜರ್ ಇಳಿದು ಬಂದ. ಜೊತೆಯಲ್ಲಿ ಆಸ್ಪತ್ರೆಯ ದೊಡ್ಡ ಡಾಕ್ಟರು, ಮೂಗು ಹಿಡಿದುಕೊಂಡು. ಅವರು ಈ ರೂಮು ನೋಡಿದ್ದು ಅದೇ ಮೊದಲು. “ಇಲ್ಲಿ ಗಾಳಿಯೇ ಇಲ್ಲವಲ್ರೀ!” ಅಂದರು.

“ನೋಡಿ,” ಅಂದ ಮ್ಯಾನೇಜರ್ ನಮಗೆ, “ಏನು ಬೇಕು ನಿಮಗೆ? ಮಾತಾಡಿ.”

ನಾವು ಮಾಸ್ಕ್ ಕೆಳಗೆ ಎಳೆದು ಮಾತಾಡಿದೆವು. ತುಟಿಯಲ್ಲಿ ಮಾತಾಡಿದೆವು. ಮಷೀನು ನಿಂತು ರೂಮು ಗಪ್‌ಚಿಪ್ ಆಗಿತ್ತು, ಆದರೂ ಒಬ್ಬಳ ಗಂಟಲೂ ಸದ್ದು ಮಾಡಲಿಲ್ಲ. ಇವನ ಮುಖ ನೋಡು, ನೆನೆದ ಹಪ್ಪಳ ಅಂದಳು ಉದ್ದಕ್ಕ. ನಿದ್ದೆ ಮಾಡಿಲ್ಲ ಪಾಪ ಅಂದೆ ನಾನು. ಎಲ್ಲರ ಭುಜಗಳೂ ಕುಣಿದವು.

“ಏನಂದ್ರಿ?” ಅಂದ ಮ್ಯಾನೇಜರ್. ಒಬ್ಬಳ ಬಾಯಿಯಿಂದ ಇನ್ನೊಬ್ಬಳ ಬಾಯಿಗೆ ಅವನ ಕಣ್ಣು ಓಡಿತು. “ಏನು? ಕೇಳಿಸ್ತಾ ಇಲ್ಲ! ಜೋರಾಗಿ ಹೇಳಿ!”

ದೊಡ್ಡ ಡಾಕ್ಟರಿಗೆ ಪುರಸೊತ್ತಿರಲಿಲ್ಲ. “ನನಗೆ ಹತ್ತು ಗಂಟೆಗೆ ಆಪರೇಷನ್ ಇದೆ. ಇವರನ್ನ ಕೆಲಸಕ್ಕೆ ಹಚ್ಚಿ, ಇಲ್ಲಾಂದ್ರೆ ನಿಮ್ಮ ಕಂಪನಿ ಸಾಮಾನು ಕಟ್ಟಲಿ,” ಅಂದರು.

ಮ್ಯಾನೇಜರ್ ನನ್ನ ಕಡೆ ತಿರುಗಿದ. ಕಂಪನಿಯವರ ಜೊತೆ ಮಾತಾಡಿಯೇ ಬಂದಿದ್ದ, ಉತ್ತರ ಜೇಬಿನಲ್ಲೇ ಇತ್ತು. ಅದನ್ನು ಆದಷ್ಟು ಅಗ್ಗಕ್ಕೆ ಕೊಟ್ಟು ಹೋಗಬೇಕು ಅಂತ ನೋಡುತ್ತಿದ್ದ. ನಾನು ಬೆರಳು ತೋರಿಸಿದೆ. ಉದ್ದಕ್ಕನೂ ತೋರಿಸಿದಳು. ಎಲ್ಲರ ಬೆರಳೂ ಚಿಕ್ಕಮ್ಮನ ಕಡೆಗೇ ಇತ್ತು.

“ಅವಳಿಗೆ ಹೇಳಿ,” ಅಂದೆ, ಈಗ ಗಂಟಲಿನಿಂದ. “ಅವಳಿಗೆ ಅರ್ಥವಾದ್ರೆ ನಮಗೆಲ್ಲ ಅರ್ಥವಾದ ಹಾಗೆ.”

ಚಿಕ್ಕಮ್ಮ ಗೋಣಿಯ ಮೇಲೆ ಕೂತಿದ್ದಳು. ಏಳಲಿಲ್ಲ. ಅವಳಿಗೆ ಬಾಯಿ ಕಾಣಬೇಕಾದರೆ ಅವನೇ ಬಗ್ಗಬೇಕಿತ್ತು. ಪ್ಯಾಂಟು ಒದ್ದೆಯಾಗದ ಹಾಗೆ ಹಿಡಿದುಕೊಂಡು ಬಗ್ಗಿದ. ಬೆಳಕಿಗೆ ಬರುವಂತೆ ಅವಳು ಕೈಸನ್ನೆ ಮಾಡಿದಳು. ಬಲ್ಬಿನ ಕೆಳಗೆ ಸರಿದ. ಗಂಟಲು ಸರಿಮಾಡಿಕೊಂಡು, ಬಾಯಿ ಅಗಲವಾಗಿ ತೆರೆದು, ಒಂದೊಂದೇ ಪದ ಬಿಡಿಸಿ ಹೇಳಿದ.

“ಪರೀಕ್ಷೆ ಇಲ್ಲ. ಎಲ್ಲರೂ ಖಾಯಂ. ನೀವೂ ಖಾಯಂ. ಪಿಂಚಣಿ ಇರುತ್ತೆ.”

ಅವಳು ಅವನ ಬಾಯಿಯನ್ನೇ ನೋಡುತ್ತಿದ್ದಳು. ಮೊದಲ ಪದಕ್ಕೇ ಅವಳಿಗೆ ಅರ್ಥವಾಗಿತ್ತು. ಅವಳ ಕಣ್ಣು ನೋಡಿ ನನಗೆ ಗೊತ್ತಾಯಿತು.

“ತಿಳೀಲಿಲ್ಲ,” ಅಂದಳು ಚಿಕ್ಕಮ್ಮ. “ಇನ್ನೊಂದ್ಸಲ ಹೇಳು.”

ಅವನು ಇನ್ನೂ ಸ್ವಲ್ಪ ಬಗ್ಗಿ, ಮತ್ತೆ ಮೊದಲಿನಿಂದ ಶುರುಮಾಡಿದ.